ಒಂದು ಗಂಟೆ ಹತ್ತು ನಿಮಿಷದ ಬೆಳಗಾವಿ

ನಮ್ಮ ಮನೆಯಲ್ಲಿ ಯಾರಾದರೂ ಎಲ್ಲಿಗಾದರೂ ಹೊರಡಬೇಕಾದರೆ ಮೊದಲು ನನ್ನನ್ನು ಕೇಳುತ್ತಾರೆ. ಎಷ್ಟು ದೂರ, ಎಷ್ಟು ಹೊತ್ತು, ಎಷ್ಟಕ್ಕೆ ಮನೆ ಬಿಡಬೇಕು ಎಂದು ನಾನು ಕನ್ನಡಕ ಏರಿಸಿಕೊಂಡು, ಯಾವುದಾದರೂ ಹಳೇ ಲಗ್ನಪತ್ರಿಕೆಯ ಹಿಂಭಾಗದಲ್ಲಿ ಲೆಕ್ಕ ಮಾಡಿ ಹೇಳುತ್ತೇನೆ. ಅವರು ತಲೆಯಾಡಿಸುತ್ತಾ ಪೂರ್ತಿ ಕೇಳಿಸಿಕೊಂಡು, ಆಮೇಲೆ ತಮಗೆ ತೋಚಿದ್ದನ್ನು ಮಾಡುತ್ತಾರೆ. ನಾನು ಬೇಸರಪಟ್ಟುಕೊಳ್ಳುವುದಿಲ್ಲ. ಹೂವಿನ ಪ್ರಸಾದ ಕೇಳಿ, ದೇವರು ಬಲಗಡೆ ಕೊಟ್ಟರೂ ಎಡಗಡೆ ಕೊಟ್ಟರೂ ಮೊದಲೇ ಅಂದುಕೊಂಡದ್ದನ್ನೇ ಮಾಡುವ ಜನ ನಮ್ಮವರು. ದೇವರೇ ಸುಮ್ಮನಿರುವಾಗ ನಾನು ಯಾರು?

ಮೊನ್ನೆ ಕೆಳಗಿನ ಮನೆಯ ಬಾಡಿಗೆಯವರು, ಮಂಜುಳಾ ಎಂದು, ಫೋನ್ ಹಿಡಿದುಕೊಂಡು ಮಹಡಿ ಹತ್ತಿ ಬಂದರು.

“ಅಂಕಲ್, ಬೆಂಗಳೂರಿಂದ ಇಂದೋರ್‌ಗೆ ಫ್ಲೈಟಲ್ಲಿ ಎರಡು ಗಂಟೆ ಅಂತ ತೋರಿಸ್ತಿದೆ. ನಿಜಾನಾ?”

“ನಿಜಾನೇ ಕಣಮ್ಮ. ನೀವು ಈ ಕಡೆ ರನ್‌ವೇ ಮೇಲೆ ಮನೆ ಮಾಡಿರ್ಬೇಕು, ನಿಮ್ಮ ನೆಂಟರು ಆ ಕಡೆ ರನ್‌ವೇ ಮೇಲೆ ಮನೆ ಮಾಡಿರ್ಬೇಕು, ಅಷ್ಟೆ.”

ಅವರು ನಕ್ಕು ಇಳಿದುಹೋದರು. ನಾನು ಮಾತ್ರ ನಗದೆ ಕೂತೆ. ಅವರ ಫೋನಿನಲ್ಲಿದ್ದ ಆ ವೆಬ್ ಪುಟ ನನಗೆ ಹೊಸದಲ್ಲ. ಎರಡು ಊರುಗಳ ಹೆಸರು ಕೊಟ್ಟರೆ ಸಾಕು, ಭೂಪಟದ ಮೇಲೆ ಒಂದು ಗೆರೆ ಎಳೆದು, ಇಷ್ಟು ಕಿಲೋಮೀಟರು, ವಿಮಾನ ಇಂಥ ವೇಗದಲ್ಲಿ ಹೋಗುತ್ತದೆ ಎಂದುಕೊಂಡರೆ ಇಷ್ಟು ಗಂಟೆ ಎಂದು ಹೇಳಿಬಿಡುತ್ತದೆ. ಆ ‘ಎಂದುಕೊಂಡರೆ’ ಇದೆಯಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ. ಎಂದುಕೊಂಡರೆ ಏನು ಬೇಕಾದರೂ ಆಗುತ್ತದೆ. ಕೆ.ಆರ್. ಪುರದ ತೂಗುಸೇತುವೆ ಖಾಲಿ ಇದೆ ಎಂದುಕೊಂಡರೆ ನಾನು ರಾಮಮೂರ್ತಿ ನಗರದಿಂದ ಇಂದಿರಾನಗರಕ್ಕೆ ಹದಿನೈದು ನಿಮಿಷದಲ್ಲಿ ಹೋಗಬಲ್ಲೆ. ಆ ಸೇತುವೆ ಖಾಲಿ ಇದ್ದದ್ದನ್ನು ನಾನು ನೋಡಿರುವುದು ಲಾಕ್‌ಡೌನಿನಲ್ಲಿ ಮಾತ್ರ. ಆಗ ಪೊಲೀಸರು ನನ್ನನ್ನು ಅದರ ಮೇಲೆ ಬಿಡಲಿಲ್ಲ.

ಈ ಲೆಕ್ಕದ ಚಟ ನನಗೆ ಹತ್ತಿದ್ದು ಹಲಸೂರಿನಲ್ಲಿ. ಕೆರೆಯಿಂದ ಎರಡು ಬೀದಿ ಆಚೆಯ ಒಂದು ವಠಾರದಲ್ಲಿ ನಾನು, ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ, ಅಪ್ಪ, ಅಮ್ಮ ಇದ್ದೆವು. ಮನೆಯಲ್ಲಿದ್ದ ಅತಿ ದೊಡ್ಡ ಪುಸ್ತಕವೆಂದರೆ ಅಕ್ಕನ ಶಾಲೆಯ ಅಟ್ಲಾಸು. ಅದರಲ್ಲಿ ಸಿಲೋನನ್ನು ಇಲಿ ತಿಂದಿತ್ತು, ಮಿಕ್ಕ ದೇಶಗಳು ಕ್ಷೇಮವಾಗಿದ್ದವು. ಮಳೆ ಹಿಡಿದು ಹೊರಗೆ ಆಡಲು ಬಿಡದ ಸಂಜೆಗಳಲ್ಲಿ ನಾವಿಬ್ಬರೂ ಊರಿಂದ ಊರಿಗೆ ದೂರ ಅಳೆಯುತ್ತಿದ್ದೆವು. ಅವಳ ಕೈಯಲ್ಲಿ ಅಮ್ಮ ಹೂ ಕಟ್ಟಿ ಉಳಿಸಿದ ಬಾಳೆನಾರು, ನನ್ನ ಕೈಯಲ್ಲಿ ಮರದ ಸ್ಕೇಲು. ಅವಳು ನಾರನ್ನು ರೈಲು ಹಳಿಯ ಕಪ್ಪು ಗೆರೆಯ ಮೇಲೆ ಸೊಟ್ಟಸೊಟ್ಟಗೆ ಹಾಸಿಕೊಂಡು ಹೋಗುವಳು. ಪ್ರತಿ ನಿಲ್ದಾಣದಲ್ಲೂ ಇಳಿಯುವಳು. ಅರಸೀಕೆರೆಯಲ್ಲಿ ವಡೆ ತಿನ್ನುವಳು, ದಾವಣಗೆರೆಯಲ್ಲಿ ಯಾರೋ ಗೆಳತಿಯನ್ನು ಹತ್ತಿಸಿಕೊಳ್ಳುವಳು. ನಾನು ಸ್ಕೇಲನ್ನು ಒಂದೇ ಏಟಿಗೆ ನೆಟ್ಟಗೆ ಇಟ್ಟು, ಸೆಂಟಿಮೀಟರು ಗುಣಿಸಿ, ಅವಳು ತುಮಕೂರು ದಾಟುವ ಮೊದಲೇ ಮುಂಬಯಿಯಲ್ಲಿರುತ್ತಿದ್ದೆ.

“ನೀನ್ ಹಂಗೆ ನೆಟ್ಟಗೆ ಹೋದ್ರೆ ದಾರೀಲಿ ಏನೂ ಸಿಗಲ್ಲ ಕಣೋ. ಹಸ್ಕೊಂಡು ಸಾಯ್ತೀಯ,” ಎನ್ನುವಳು ಅಕ್ಕ.

“ನಾನು ಬೇಗ ಹೋಗ್ತೀನಲ್ಲ.”

“ಬೇಗ ಹೋಗಿ ಏನ್ ಮಾಡ್ತೀಯ?”

ಸೋತವರು ಮಾಡುವಂತೆ ಅವಳ ಜಡೆ ಎಳೆದು ಓಡಿದೆ.

ಆಗಿನ್ನೂ ವಿಮಾನ ನಿಲ್ದಾಣ ನಮ್ಮ ಕಡೆಯೇ ಇತ್ತು. ಊರು ಬಿಟ್ಟು ದೇವನಹಳ್ಳಿಗೆ ಓಡಿಹೋಗಿರಲಿಲ್ಲ. ವಠಾರದ ತಾರಸಿಯ ಮೇಲೆ ನಿಂತರೆ ವಿಮಾನದ ಹೊಟ್ಟೆ ಕಾಣುತ್ತಿತ್ತು. ಅದು ಹಾದುಹೋದಾಗ ಅಮ್ಮ ಒಣಹಾಕಿದ ಹಪ್ಪಳದ ಮೇಲಿನ ಬಟ್ಟೆಯನ್ನು ಒತ್ತಿ ಹಿಡಿಯುತ್ತಿದ್ದಳು, ವಿಮಾನವೇ ಹಪ್ಪಳ ಕಚ್ಚಿಕೊಂಡು ಹೋಗುತ್ತದೆ ಎಂಬಂತೆ. ಶಿವಾಜಿನಗರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಪ್ಪ ತಲೆಯೆತ್ತಿ ನೋಡಿ, “ಅದು ಬಾಂಬೆಗೆ ಹೋಗಿ ಇಳಿಯೋ ಹೊತ್ತಿಗೆ ನನಗಿನ್ನೂ ಬಸ್ ಸಿಕ್ಕಿರಲ್ಲ,” ಎನ್ನುತ್ತಿದ್ದ. ಅಪ್ಪ ಇದನ್ನು ತಮಾಷೆಗೆ ಹೇಳುತ್ತಿದ್ದನೋ ನೊಂದು ಹೇಳುತ್ತಿದ್ದನೋ ಗೊತ್ತಾಗುತ್ತಿರಲಿಲ್ಲ. ನಾನು ಮಾತ್ರ ಅದನ್ನು ಗಣಿತವೆಂದು ತಿಳಿದುಕೊಂಡೆ.

ಇಂಥವನಿಗೆ ಸಿಗಬೇಕಾದ ಕೆಲಸವೇ ಸಿಕ್ಕಿತು. ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಟೈಮ್ ಆಫೀಸಿನಲ್ಲಿದ್ದೆ. ಗೇಟಿನ ಪಕ್ಕದ ಕೋಣೆ, ಗೋಡೆಗೆ ಗಡಿಯಾರ, ಗೂಡುಗಳಲ್ಲಿ ಸಾವಿರಾರು ಕಾರ್ಡು. ಸೈರನ್ ಕೂಗಿ ಐದು ನಿಮಿಷದ ಮೇಲೆ ಬಂದವನ ಕಾರ್ಡಿನ ಮೇಲೆ ಕೆಂಪು ಇಂಕು. ಆ ಕೋಣೆಯ ಕಿಟಕಿಯಲ್ಲಿ ನಾನು ಕೇಳಿದ ಕಾರಣಗಳನ್ನು ಬರೆದಿಟ್ಟಿದ್ದರೆ ಅದೇ ಒಂದು ಪುರಾಣವಾಗುತ್ತಿತ್ತು.

“ಯಾಕ್ರೀ ಲೇಟು?”

“ಟಿನ್ ಫ್ಯಾಕ್ಟರಿ ಹತ್ರ ಜಾಮ್ ಸಾರ್.”

“ನಿಮ್ಮ ಮನೆ ಇರೋದು ಹೊಸಕೋಟೆ ಕಡೆ. ನೀವು ಬರೋ ದಾರೀಲಿ ಟಿನ್ ಫ್ಯಾಕ್ಟರಿ ಸಿಗೋದೇ ಇಲ್ವಲ್ರೀ.”

“ಅದೇ ಸಾರ್ ನಾನೂ ಹೇಳ್ತಿರೋದು. ಅಲ್ಲಿಂದ ನಮ್ಮನೇವರ್ಗೂ ಜಾಮ್ ಆಗಿತ್ತು.”

ಇಂಥವನಿಗೆ ಕೆಂಪು ಇಂಕು ಹಾಕಲು ಕೈ ಬರಬಾರದು. ನನಗೆ ಬರುತ್ತಿತ್ತು. ಮೂವತ್ತು ವರ್ಷದಲ್ಲಿ ನಾನು ಒಂದು ದಿನವೂ ತಡವಾಗಿ ಹೋಗಲಿಲ್ಲ ಎಂಬುದು ನನ್ನ ಹೆಮ್ಮೆ. ನಾನು ಗೇಟಿನೊಳಗೆ ಬಂದರೆ ಟೀ ಮಾಡುವವನು ಸ್ಟೌವ್ ಹಚ್ಚುತ್ತಿದ್ದನಂತೆ. ನಾನು ನಿವೃತ್ತನಾದ ದಿನ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟರು. ಅದು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಬೇಕೆಂದೇ ಆರಿಸಿ ಕೊಟ್ಟರೆಂದು ನನ್ನ ಅನುಮಾನ.

ನಮ್ಮ ಊರಿನಲ್ಲಿ ಒಂದು ವಿಚಿತ್ರವಿದೆ, ನೀವೂ ಗಮನಿಸಿರುತ್ತೀರಿ. ದೂರವೆಷ್ಟು ಎಂದು ಕೇಳಿದರೆ ಯಾರೂ ಕಿಲೋಮೀಟರು ಹೇಳುವುದಿಲ್ಲ. “ಮುಕ್ಕಾಲು ಗಂಟೆ, ಬೆಳಿಗ್ಗೆ ಏಳಕ್ಕೆ ಮುಂಚೆ ಬಿಟ್ರೆ” ಎನ್ನುತ್ತಾರೆ. ಮಹದೇವಪುರದವರಾದರೆ ಇನ್ನೊಂದು ಸೇರಿಸುತ್ತಾರೆ, “ಮಳೆ ಬರದೆ ಇದ್ರೆ.” ಮಳೆ ಬಂದರೆ ಅಲ್ಲಿ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದವರಿದ್ದಾರೆ. ಇನ್ನು “ಎಲ್ಲಿದೀಯ ಮಗಾ?” ಎಂದು ಫೋನಿನಲ್ಲಿ ಕೇಳಿದರೆ, ಹಲ್ಲುಜ್ಜುತ್ತಾ ನಿಂತವನು, “ಲಿಂಗರಾಜಪುರ ಫ್ಲೈಓವರ್ ಇಳೀತಿದೀನಿ ಗುರು, ಐದು ನಿಮಿಷ” ಎನ್ನುತ್ತಾನೆ. ಕೇಳಿದವನೂ ಇನ್ನೂ ಸ್ನಾನ ಮಾಡಿರುವುದಿಲ್ಲವಾದ್ದರಿಂದ ಇಬ್ಬರಿಗೂ ತೊಂದರೆಯಾಗುವುದಿಲ್ಲ. ಇಷ್ಟೆಲ್ಲ ಕಷ್ಟಪಟ್ಟು ಕಲಿತ ಮೇಲೆ ನಮಗೊಂದು ಗರ್ವ ಬಂದುಬಿಟ್ಟಿದೆ. ಟ್ರಾಫಿಕ್ ಎಂದರೆ ನಮ್ಮದು, ಬೇರೆ ಊರಿನವರದ್ದು ಏನಿದ್ದರೂ ಮಕ್ಕಳಾಟ. ಈ ಗರ್ವವನ್ನು ನಾನು ಎಲ್ಲರಿಗಿಂತ ಹೆಚ್ಚು ಸಾಕಿಕೊಂಡಿದ್ದೆ.

ಟೈಮ್ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವನು ಅನ್ವರ್. ಈಗ ಅವನು ಶಿವಾಜಿನಗರದ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ತಮ್ಮನ ಟಿಕೆಟ್ ಬುಕಿಂಗ್ ಅಂಗಡಿಯಲ್ಲಿ ಕೂತಿರುತ್ತಾನೆ. ವಾರಕ್ಕೊಮ್ಮೆ ನಾನು ಅಲ್ಲಿ ಹೋಗಿ ಚಹಾ ಕುಡಿದು, ಸಮೋಸ ತಿಂದು, ಬೇರೆಯವರ ಪ್ರಯಾಣದಲ್ಲಿ ಮೂಗು ತೂರಿಸುವುದುಂಟು. ಒಮ್ಮೆ ಉಮ್ರಾ ಯಾತ್ರೆಗೆ ಹೊರಟ ಒಬ್ಬರು ಜೆದ್ದಾಕ್ಕೆ ಎಷ್ಟು ಗಂಟೆ ಎಂದು ಕೇಳಿದರು. ನಾನು ಪೆನ್ನು ತೆಗೆಯುವಷ್ಟರಲ್ಲಿ ಅನ್ವರ್ ಹೇಳಿದ: “ಹಾರೋದು ಐದೂವರೆ ಗಂಟೆ. ಏರ್‌ಪೋರ್ಟ್ ಬಾಗ್ಲಲ್ಲಿ ನಿಮ್ಮ ಮನೆಯವ್ರು ಅಳೋದು ಎರಡು ಗಂಟೆ. ಆ ಎರಡು ಗಂಟೆ ಮೊದ್ಲೇ ಇಟ್ಕೊಂಡು ಹೊರಡಿ.” ನಾನು ನಕ್ಕೆ. ಅದು ಲೆಕ್ಕವೆಂದು ನನಗೆ ಅನ್ನಿಸಲಿಲ್ಲ.

ಅಕ್ಕನನ್ನು ಬೆಳಗಾವಿಗೆ ಕೊಟ್ಟಿತ್ತು. ಭಾವ ಅಲ್ಲಿ ಹೈಸ್ಕೂಲು ಮೇಷ್ಟ್ರು, ಸಾಧು. ಮೊದಮೊದಲು ನಾನು ವರ್ಷಕ್ಕೆರಡು ಸಲ ರಾತ್ರಿ ರೈಲು ಹತ್ತಿ ಹೋಗಿಬಿಡುತ್ತಿದ್ದೆ. ಭಾವ ನಿಲ್ದಾಣಕ್ಕೆ ಸೈಕಲ್ ತರುತ್ತಿದ್ದರು. ಒಂದು ವಾರ ಇದ್ದು, ಡಬ್ಬಿಯಲ್ಲಿ ಕುಂದಾ ಹಾಕಿಸಿಕೊಂಡು ಬರುತ್ತಿದ್ದೆ. ಆಮೇಲೆ ಯಾವಾಗಲೋ ನನಗೆ ಲೆಕ್ಕ ತಲೆಗೇರಿತು. ಹೋಗಲು ಹನ್ನೆರಡು ಗಂಟೆ, ಬರಲು ಹನ್ನೆರಡು, ಸಿಕ್ಕ ರಜೆಯಲ್ಲಿ ಅಲ್ಲಿರುವುದು ಹತ್ತು. ಹತ್ತು ಗಂಟೆಗಾಗಿ ಇಪ್ಪತ್ತನಾಲ್ಕು ಗಂಟೆ ಕೊಡುವುದು ಯಾವ ನ್ಯಾಯ? ರಜೆ ಇನ್ನೆರಡು ದಿನ ಹೆಚ್ಚು ಹಾಕಿದರೆ ನ್ಯಾಯ ಸರಿಹೋಗುತ್ತದೆಂದು ಹೊಳೆಯಲಿಲ್ಲ, ಅಥವಾ ಹೊಳೆಯಲು ನಾನು ಬಿಡಲಿಲ್ಲ. ಅಕ್ಕ ಫೋನ್ ಮಾಡಿ ಬಾ ಎಂದಾಗಲೆಲ್ಲ ನಾನು ಎಷ್ಟು ಗಂಟೆ ಎಂದು ಹೇಳುತ್ತಿದ್ದೆ. ನಿಧಾನಕ್ಕೆ ಅವಳು ಬಾ ಎನ್ನುವುದನ್ನು ಕಡಿಮೆ ಮಾಡಿದಳು.

ನಾಲ್ಕು ವರ್ಷದ ಹಿಂದೆ ಭಾವ ಹೋದರು. ಸಂಜೆ ಏಳಕ್ಕೆ ಸುದ್ದಿ ಬಂತು. ನನ್ನ ಹೆಂಡತಿ ಜಯ ಆಗಲೇ ಸೀರೆ ಬದಲಿಸಿ, ಚೀಲಕ್ಕೆ ನಾಲ್ಕು ಬಟ್ಟೆ ತುರುಕಿ ಬಾಗಿಲಲ್ಲಿ ನಿಂತಿದ್ದಳು. ಒಂಬತ್ತಕ್ಕೆ ಬಸ್ಸಿತ್ತು. ನಾನು ಒಂದು ಲಗ್ನಪತ್ರಿಕೆಯ ಹಿಂಭಾಗದಲ್ಲಿ ಬರೆದೆ: ಬಸ್ಸು ತಲುಪುವುದು ಬೆಳಿಗ್ಗೆ ಏಳೂವರೆ, ವಿಮಾನವಾದರೆ ಹನ್ನೊಂದೂಕಾಲು, ವ್ಯತ್ಯಾಸ ನಾಲ್ಕು ಗಂಟೆಯೂ ಇಲ್ಲ, ನಿದ್ದೆಗೆಡುವುದು ತಪ್ಪುತ್ತದೆ. ಜಯ ಒಬ್ಬಳೇ ಬಸ್ಸು ಹತ್ತಿದಳು. ನಾನು ಮರುದಿನ ಸರಿಯಾಗಿ ಹನ್ನೊಂದೂಕಾಲಕ್ಕೆ ಇಳಿದೆ. ನನ್ನ ಲೆಕ್ಕ ಒಂದು ನಿಮಿಷವೂ ತಪ್ಪಲಿಲ್ಲ. ಭಾವನನ್ನು ಒಂಬತ್ತಕ್ಕೇ ಕರೆದೊಯ್ದಿದ್ದರು. ಅಕ್ಕ, ಕಾಫಿ ಕುಡಿದೆಯಾ ಎಂದು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಹೀಗಿರುವಾಗ ಕಳೆದ ಮಾಘಕ್ಕೆ ಅವಳ ಒಬ್ಬಳೇ ಮಗಳು ಪಲ್ಲವಿಯ ಮದುವೆ ನಿಶ್ಚಯವಾಯಿತು. ಧಾರೆ ಎರೆಯಲು ಭಾವನ ತಮ್ಮ ಮತ್ತವರ ಹೆಂಡತಿ ಇದ್ದರು. ಆದರೆ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ನಮ್ಮಲ್ಲಿ ಸೋದರಮಾವನ ಕೆಲಸ. ಬೇರೆ ಯಾರೂ ಮಾಡುವಂತಿಲ್ಲ. ಅಕ್ಕನಿಗೆ ಇರುವ ತಮ್ಮ ನಾನೊಬ್ಬನೇ.

“ಹಿಂದಿನ ದಿನಾನೇ ಬಂದ್ಬಿಡು,” ಎಂದಳು ಅಕ್ಕ ಫೋನಿನಲ್ಲಿ. “ಮದುವೆ ಹಾಲ್ ಗೇಟಿನ ಆಚೆ ಇದೆ, ಬೆಳಿಗ್ಗೆ ಹೊತ್ತು—”

“ಅಕ್ಕ, ಬರೀ ಒಂದು ಗಂಟೆ ಹತ್ತು ನಿಮಿಷ. ಎಂಟಕ್ಕೆ ಫ್ಲೈಟು, ಒಂಬತ್ತೂ ಹತ್ತಕ್ಕೆ ನಿಮ್ಮೂರಲ್ಲಿರ್ತೀನಿ. ಮುಹೂರ್ತ ಇರೋದು ಹತ್ತೂಕಾಲಕ್ಕೆ. ಯೋಚನೆ ಮಾಡ್ಬೇಡ.”

“ಈ ಸಲ ತಪ್ಪಿಸ್ಬೇಡ ಕಣೋ,” ಎಂದಳು.

ಅವಳು ಯಾವುದನ್ನು ನೆನೆದು ಹಾಗೆಂದಳೆಂದು ನನಗೆ ಗೊತ್ತು. ಆದರೆ ಈಗಲೂ ಲೆಕ್ಕದವನ ಬುದ್ಧಿ ನೋಡಿ. ಹೋದ ಸಲ ತಪ್ಪಿದ್ದು ಹತ್ತು ಗಂಟೆಯ ವಿಮಾನ ಹಿಡಿದದ್ದರಿಂದ, ಈ ಸಲ ಎಂಟು ಗಂಟೆಯದು ಹಿಡಿದಿದ್ದೇನೆ, ಸರಿಹೋಯಿತು ಎಂದುಕೊಂಡೆ. ಜಯ, ಅವಳ ತಂಗಿ, ಮಿಕ್ಕ ನೆಂಟರೆಲ್ಲ ಎರಡು ದಿನ ಮುಂಚೆಯೇ ಪುಳಿಯೋಗರೆ ಡಬ್ಬಿ ಕಟ್ಟಿಕೊಂಡು ರೈಲಿನಲ್ಲಿ ಹೊರಟರು. ಹನ್ನೆರಡು ಗಂಟೆ ಅಲ್ಲಾಡಿಕೊಂಡು ಹೋಗುವ ಈ ಜನರ ಮೇಲೆ ನನಗೆ ಕನಿಕರ ಬಂತು. ಅನ್ವರ್ ಟಿಕೆಟ್ ಮಾಡಿಕೊಡುತ್ತಾ ನನ್ನ ಮುಖ ನೋಡಿದ. “ಕೈಕು ಇತ್ತಾ ಹಿಸಾಬ್, ನಾಗಣ್ಣ? ಯಾಕಿಷ್ಟು ಲೆಕ್ಕ? ಮನೆ ಮದುವೆಗೆ ಯಾರಾದ್ರೂ ಟೈಮ್ ನೋಡ್ಕೊಂಡು ಹೋಗ್ತಾರಾ? ಮೊದ್ಲೇ ಹೋಗಿ ಒಂದ್ ಮೂಲೇಲಿ ಕೂತ್ಕೊಂಡಿರಿ.” ಅವನೂ ಟೈಮ್ ಆಫೀಸಿನಲ್ಲೇ ಇದ್ದವನು, ಆದರೂ ಕೆಟ್ಟಿರಲಿಲ್ಲ. ಸಂಜೆ ನಾಲ್ಕೂವರೆಗೆ ವಾಪಸ್ ಟಿಕೆಟ್ಟನ್ನೂ ಮಾಡಿಸಿದೆ. ಊಟ ಎರಡಕ್ಕೆ ಮುಗಿಯುತ್ತದೆ, ಆಮೇಲೆ ಅಲ್ಲಿ ಏನು ಕೆಲಸ?

ಬೆಂಗಳೂರಿನ ಮಟ್ಟಿಗೆ ನನ್ನ ಯೋಜನೆ ಯುದ್ಧದ ಯೋಜನೆಯಂತಿತ್ತು. ಹೆಬ್ಬಾಳಕ್ಕೆ ಮುಕ್ಕಾಲು ಗಂಟೆ, ಮಳೆಗೆ ಅರ್ಧ ಗಂಟೆ, ಮಾಘದಲ್ಲಿ ಮಳೆ ಬರುವುದಿಲ್ಲ, ಆದರೂ ಇರಲಿ. ಮಂತ್ರಿಗಳು ಯಾರಾದರೂ ಅದೇ ದಾರಿಯಲ್ಲಿ ಹೊರಟರೆ ಇಪ್ಪತ್ತು ನಿಮಿಷ. ಕ್ಯಾಬಿನವನು ಗ್ಯಾಸ್ ಹಾಕಿಸಲು ನಿಲ್ಲಿಸಿದರೆ ಕಾಲು ಗಂಟೆ. ಹೀಗೆ ಕೂಡಿಸಿ, ನಾಲ್ಕೂವರೆಗೆ ಮನೆ ಬಿಟ್ಟೆ. ಅಂದು ಊರೇ ನನ್ನ ಮೇಲೆ ಸೇಡು ತೀರಿಸಿಕೊಂಡಿತು. ಒಂದು ಸಿಗ್ನಲ್ಲೂ ಕೆಂಪಾಗಲಿಲ್ಲ. ಯಾವ ಮಂತ್ರಿಯೂ ಏಳಲಿಲ್ಲ. ಐದೂಕಾಲಕ್ಕೆ ಕ್ಯಾಬಿನವನು, “ಸಾರ್, ಬಂದ್ಬಿಟ್ವಿ. ನಿಮ್ಮ ಫ್ಲೈಟ್ ಇವತ್ತೇ ತಾನೆ?” ಎಂದು ಕೇಳಿದ.

ಸ್ಟೀಲ್ ಕುರ್ಚಿಯ ಮೇಲೆ ಎರಡೂಮುಕ್ಕಾಲು ಗಂಟೆ ಕೂತೆ. ಆರೂವರೆಗೆ ಜಯಳಿಗೆ ಫೋನ್ ಮಾಡಿದರೆ ಹಿಂದೆ ನಾದಸ್ವರ, ಮಕ್ಕಳ ಗಲಾಟೆ, ಯಾರೋ ಅರಿಶಿನದ ತಟ್ಟೆ ಎಲ್ಲಿ ಎಂದು ಕೂಗುತ್ತಿದ್ದರು. “ಪಲ್ಲವಿಗೆ ಎಣ್ಣೆ ಇಟ್ಟಿದ್ದಾಯ್ತು. ನೀವೆಲ್ಲಿದೀರ?” ಎಂದಳು. ಏರ್‌ಪೋರ್ಟಿನಲ್ಲಿದ್ದೇನೆ, ಬಹಳ ಬೇಗ ಬಂದೆ ಎಂದೆ. “ಎಲ್ಲಿಗೆ ಬೇಗ ಬಂದ್ರಿ?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಇಟ್ಟಳು.

ವಿಮಾನ ಎಂಟಕ್ಕೆ ಎದ್ದಿತು, ಒಂಬತ್ತೂ ಹತ್ತಕ್ಕೆ ಇಳಿಯಿತು. ಆ ಪುಟ ಹೇಳಿದ್ದು ಅಕ್ಷರಶಃ ನಿಜ. ನಾನು ಗೆದ್ದವನಂತೆ ಮೆಟ್ಟಿಲು ಇಳಿದೆ. ಇಲ್ಲಿಂದ ಮದುವೆ ಹಾಲಿಗೆ ನಾನು ಇಟ್ಟುಕೊಂಡಿದ್ದು ಇಪ್ಪತ್ತು ನಿಮಿಷ. ಬೆಳಗಾವಿಯಲ್ಲಿ ಏನು ಟ್ರಾಫಿಕ್ಕು? ಟ್ರಾಫಿಕ್ ಎಂದರೆ ನಮ್ಮದಲ್ಲವೇ.

ಟ್ಯಾಕ್ಸಿ ಸಿಗಲು ಕಾಲು ಗಂಟೆಯಾಯಿತು. ಅರ್ಧ ದಾರಿಗೆ ಬಂದಾಗ ಎದುರಿಗೆ ಬೇರೆ ಯಾರದೋ ಮದುವೆಯ ಮೆರವಣಿಗೆ. ಬ್ಯಾಂಡಿನವರು ರಸ್ತೆ ತುಂಬ ಹರಡಿಕೊಂಡು, ಮದುಮಗನ ಗೆಳೆಯರು ಹತ್ತು ಹೆಜ್ಜೆಗೊಮ್ಮೆ ನಿಂತು ಕುಣಿಯುತ್ತಿದ್ದರು. ಆ ಮದುಮಗನಿಗೂ ಒಬ್ಬ ಸೋದರಮಾವ ಇದ್ದಿರಬೇಕು, ಪೇಟ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಕುಣಿಯುತ್ತಿದ್ದ. ಅವರನ್ನು ದಾಟಿ, ಊರೊಳಗೆ ಬಂದು, ಒಂದು ತಿರುವು ತಿರುಗಿದರೆ ಮುಂದೆ ನಲವತ್ತು ವಾಹನಗಳ ಸಾಲು. ಡ್ರೈವರ್ ಇಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊಂಡ.

“ಯಾಕಪ್ಪಾ?”

“ರೈಲ್ವೆ ಗೇಟ್ ಬಿದ್ದೈತ್ರಿ ಸರ.”

“ಎಷ್ಟು ಹೊತ್ತು?”

“ಅದನ್ನ ಹೆಂಗ ಹೇಳಾಕ ಬರ್ತೈತ್ರಿ. ಒಂದು ಗಾಡಿ ಹೋದ ಮ್ಯಾಲೆ ಒಮ್ಮೊಮ್ಮೆ ಇನ್ನೊಂದು ಬರ್ತೈತಿ. ಚಾ ಕುಡೀತೀರೇನ್ರಿ?”

“ದಿನಾ ಹೀಗೇನಾ?”

“ದಿನಾ ಹಿಂಗ ರೀ. ಮುಂಜಾನಿ ಹೊತ್ತು ಗೇಟಿನ ಆ ಕಡೆ ಕೆಲಸ ಇದ್ರ ನಾವು ಒಂದು ತಾಸು ಮೊದಲ ಹೊಂಡ್ತೀವ್ರಿ. ಊರಾಗ ಯಾರನ್ನ ಕೇಳಿದ್ರೂ ಹೇಳ್ತಿದ್ರಲ್ರಿ.”

ಕೇಳಬೇಕಾಗಿರಲಿಲ್ಲ. ಅಕ್ಕ ತಾನಾಗಿಯೇ ಹೇಳಲು ಹೊರಟಿದ್ದಳು. ಗೇಟಿನ ಆಚೆ ಎಂದವಳ ಬಾಯಿಗೆ ನಾನೇ ಒಂದು ಗಂಟೆ ಹತ್ತು ನಿಮಿಷ ಅಡ್ಡ ಹಾಕಿದ್ದೆ. ನಾನು ಇಳಿದು ಸಾಲಿನ ತುದಿಯವರೆಗೆ ಓಡಿದೆ. ಗೂಡ್ಸ್ ಗಾಡಿಯೊಂದು ಹಳಿಯ ಮೇಲೆ ನಿಂತುಬಿಟ್ಟಿತ್ತು. ಅದರ ಸಂದಿನಲ್ಲಿ ಆಚೆ ಬದಿಯ ರಸ್ತೆ ಕಾಣುತ್ತಿತ್ತು. ಮದುವೆ ಹಾಲ್ ಅಲ್ಲಿಂದ ಎರಡು ಫರ್ಲಾಂಗು ಇರಬಹುದು. ವಾದ್ಯ ಕೇಳಿಸುತ್ತಿತ್ತು. ನಾನು ನನ್ನ ಜನ್ಮದಲ್ಲಿ ನಿಂತ ಅತಿ ಉದ್ದದ ಇಪ್ಪತ್ತೈದು ನಿಮಿಷ ಅದು. ಹತ್ತೂಕಾಲಾಯಿತು, ಹತ್ತೂವರೆಯಾಯಿತು. ಗಟ್ಟಿಮೇಳ ಕೇಳಿಸಿತು. ಪಕ್ಕದಲ್ಲಿ ಸ್ಕೂಟರಿನ ಮೇಲೆ ಕೂತಿದ್ದವರೊಬ್ಬರು, ಯಾರದೋ ತಾಳಿ ಕಟ್ಟಿದರು ಎಂದು ತಮ್ಮಷ್ಟಕ್ಕೆ ಕೈಮುಗಿದರು. ನನಗೆ ಅಲ್ಲೇ ಕಣ್ಣು ತುಂಬಿತು, ಮುಚ್ಚಿಡುವುದೇನು.

ಹಾಲಿನ ಬಾಗಿಲಿಗೆ ಹೋದಾಗ ಜನವೆಲ್ಲ ಊಟದ ಮನೆಯ ಕಡೆಗೆ ನುಗ್ಗುತ್ತಿತ್ತು. ಮೊದಲ ಪಂಕ್ತಿಗೆ ಜಾಗ ಹಿಡಿಯಲು ಓಡುವವರ ಎದುರು ಚೀಲ ಹೊತ್ತುಕೊಂಡು ನಾನೊಬ್ಬ ಒಳಗೆ ಹೋಗುತ್ತಿದ್ದೆ. ಪಲ್ಲವಿ ಮಂಟಪದಲ್ಲಿ ಕೂತಿದ್ದಳು, ಮಡಿಲ ತುಂಬ ಅಕ್ಷತೆ. ನನ್ನನ್ನು ನೋಡಿ ನಕ್ಕಳು. ಆ ನಗುವಿನಲ್ಲಿ ಕೋಪವಿರಲಿಲ್ಲ, ಮಾವ ಎಂದರೆ ಇಷ್ಟೆ ಎಂದು ಮೊದಲೇ ಗೊತ್ತಿದ್ದವಳ ನಗು. ನಡೆದದ್ದನ್ನು ಆಮೇಲೆ ಜಯಳ ತಂಗಿ ಹೇಳಿದಳು. ಪುರೋಹಿತರು ಮೂರು ಸಲ ಸೋದರಮಾವ ಎಲ್ಲಿ ಎಂದರಂತೆ. ಭಾವನ ಕಡೆಯವರಲ್ಲಿ ಒಬ್ಬರು, ಮಾವನ ಸ್ಥಾನದಲ್ಲಿ ತೆಂಗಿನಕಾಯಿ ಇಟ್ಟರೂ ನಡೆಯುತ್ತದೆ ಎಂದರಂತೆ. ಆಗ ಜಯ ಎದ್ದು ಸೆರಗು ಸಿಕ್ಕಿಸಿಕೊಂಡು, “ಮಾವ ಬರೋವರ್ಗೂ ನಾನೇ ಮಾವ. ಏಳಮ್ಮ,” ಎಂದು ಹುಡುಗಿಯ ಕೈಹಿಡಿದು ನಡೆದೇಬಿಟ್ಟಳಂತೆ. ಪುರೋಹಿತರು ಪಂಚಾಂಗ ನೋಡಲಿಲ್ಲ, ಗಡಿಯಾರ ನೋಡಿದರು, ಆಗಲಿ ಎಂದರು. ನನ್ನ ಸ್ಥಾನಕ್ಕೆ ತೆಂಗಿನಕಾಯಿಯ ಮಟ್ಟದ ಸ್ಪರ್ಧಿಗಳೂ ಇದ್ದರೆಂದು ತಿಳಿದು ನನ್ನ ನೆತ್ತಿಯ ಮೇಲಿನ ಗರ್ವದ ಭಾರವೊಂದು ಇಳಿಯಿತು.

ಅಕ್ಕ ಊಟದವರೆಗೆ ನನ್ನ ಕಡೆ ತಿರುಗಲಿಲ್ಲ. ಕೊನೆಯ ಪಂಕ್ತಿಯಲ್ಲಿ ನನ್ನ ಎಲೆಯ ಪಕ್ಕದಲ್ಲೇ ಬಂದು ಕೂತಳು. ನಲವತ್ತು ವರ್ಷದಿಂದ ಬೆಳಗಾವಿಯ ಮಾತು ಆಡುವವಳು, ಸಿಟ್ಟು ಬಂದಾಗ ಮಾತ್ರ ಹಲಸೂರಿಗೆ ವಾಪಸ್ ಬರುತ್ತಾಳೆ.

“ಗೇಟು ಬಿದ್ದಿತ್ತು ಅಕ್ಕ. ಇಲ್ದಿದ್ರೆ ಸರಿಯಾಗಿ ಒಂಬತ್ತು ಮೂವತ್ತಕ್ಕೆ—”

“ನಾನು ಎಷ್ಟು ದೂರ ಅಂತ ನಿನ್ನ ಯಾವತ್ತಾದ್ರೂ ಕೇಳಿದ್ನೇನೋ?” ಎಂದಳು ಅಕ್ಕ. ಧ್ವನಿ ಏರಿಸಲಿಲ್ಲ. “ನನಗೇನ್ ಗೊತ್ತಿಲ್ವಾ ಎಷ್ಟು ದೂರ ಅಂತ? ನಾನೇ ಅಲ್ವಾ ಇಷ್ಟು ದೂರ ಬಂದಿರೋಳು. ಬಾ ಅಂದೆ. ಅಷ್ಟೇ ಅಂದಿದ್ದು.”

ನಾನು ಅನ್ನ ಕಲಸುತ್ತಾ ಕೂತೆ. ಬಡಿಸುವವರು ಬಂದು ಹೋಳಿಗೆ ಹಾಕಲೇ ಎಂದರು. ಅಕ್ಕ ನನ್ನ ಪರವಾಗಿ, “ಎರಡು ಹಾಕಿ” ಎಂದಳು. ಮನಸ್ಸಿನ ಮೇಲೆ ಬರೆ ಎಳೆದು ಎಲೆಯ ಮೇಲೆ ಹೋಳಿಗೆ ಹಾಕಿಸುವುದು ಅಕ್ಕಂದಿರಿಗೆ ಮಾತ್ರ ಸಾಧ್ಯ. ತುಪ್ಪ ಬೇಡವೆಂದೆ, ಅದನ್ನೂ ಹಾಕಿಸಿದಳು.

ಮೂರಕ್ಕೆ ಟ್ಯಾಕ್ಸಿಗೆ ಹೇಳಿದ್ದೆ. ಅದೇ ಡ್ರೈವರು ಹೊರಗೆ ಬಂದು ನಿಂತು ಎರಡು ಸಲ ಫೋನ್ ಮಾಡಿದ. ಒಳಗೆ ಗಂಡಿನ ಮನೆಯವರು ಹೊರಡುವ ತಯಾರಿ, ಹೆಣ್ಣೊಪ್ಪಿಸುವ ಶಾಸ್ತ್ರ ಐದಕ್ಕಂತೆ. ಆ ಶಾಸ್ತ್ರವೊಂದು ಇದೆ ಎಂಬುದು ನನ್ನ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಪಲ್ಲವಿ ಸೀರೆ ಬದಲಿಸಿ ಕೋಣೆಯ ಬಾಗಿಲಲ್ಲಿ ಅವಳಮ್ಮನನ್ನು ಒರಗಿಕೊಂಡು ನಿಂತಿದ್ದಳು. ಕಣ್ಣು ಆಗಲೇ ಕೆಂಪಾಗಿತ್ತು. ಮೂರನೆಯ ಸಲ ಫೋನ್ ಬಂದಾಗ ನಾನು ಹೊರಗೆ ಹೋಗಿ ಡ್ರೈವರನ್ನು ಕಳಿಸಿ ಬಂದೆ. ಅವನು “ಚಲೋ ಆತ್ರಿ” ಎಂದ.

ಐದಕ್ಕೆ ಮಂಟಪದಲ್ಲಿ ಮತ್ತೆ ಎಲ್ಲರೂ ಸೇರಿದರು. ಪಲ್ಲವಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು. “ಮಾಮಾ, ನಿಮ್ದು ಫ್ಲೈಟ್ ಎಷ್ಟಕ್ಕೈತಿ? ತಡ ಆಗ್ತಿದ್ರ ಹೋಗ್ರಿ, ನಾ ಏನೂ ಅನ್ಕೊಳ್ಳಂಗಿಲ್ಲ.”

“ಹೋಯ್ತಮ್ಮ,” ಎಂದೆ. “ಆಗಲೇ ಹೋಯ್ತು.”

ಅವಳು ಅರ್ಥವಾಗದವಳಂತೆ ನನ್ನ ಮುಖ ನೋಡಿ, ಆಮೇಲೆ ನನ್ನ ತೋಳಿಗೆ ಹಣೆಯಿಟ್ಟು ಅಳಲು ಶುರುಮಾಡಿದಳು. ಅಷ್ಟು ಹೊತ್ತು ಬಿಗಿಹಿಡಿದುಕೊಂಡಿದ್ದಳೆಂದು ಕಾಣುತ್ತದೆ. ಶಾಸ್ತ್ರಕ್ಕೆ ಕರೆದರು. ಹಾಲಿನ ಬಟ್ಟಲಲ್ಲಿ ಹುಡುಗಿಯ ಕೈ ಅದ್ದಿಸಿ, ಅದನ್ನು ಅತ್ತೆಯ ಕೈಯಲ್ಲಿಡಬೇಕು. ಅಕ್ಕನ ಎರಡೂ ಕೈ ಮಗಳ ಕೈ ಹಿಡಿದಿದ್ದವು. ಅವಳು ಹಿಂದಕ್ಕೆ ತಿರುಗದೆ, “ಬಟ್ಟಲು ಹಿಡ್ಕೋ ಬಾರೋ,” ಎಂದಳು.

ನಾನು ಹಿಡಿದುಕೊಂಡೆ. ಪಲ್ಲವಿ ಕೈ ಹಾಲಿನಿಂದ ಆಚೆ ತೆಗೆಯುತ್ತಿರಲಿಲ್ಲ, ಅಕ್ಕ ತೆಗೆಸುತ್ತಿರಲಿಲ್ಲ, ಪುರೋಹಿತರೂ ಅವಸರ ಮಾಡಲಿಲ್ಲ. ಹಾಲು ಬೆಚ್ಚಗಿತ್ತು, ಒಂದಿಷ್ಟು ನನ್ನ ಬೆರಳ ಮೇಲೆ ಚೆಲ್ಲಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆ ಎಂದು ಮಾತ್ರ ನನ್ನನ್ನು ಕೇಳಬೇಡಿ.